ಕೊಟ್ಟಿಗೆಯಲ್ಲಿ ಸಿಕ್ಕ ಮರದ ಸ್ಪೀಡ್‌ಬೋಟ್

ಸಾಗರದ ಹತ್ತಿರ ಅಜ್ಜನ ಕೊಟ್ಟಿಗೆಯಲ್ಲಿ ಸಿಕ್ಕ ಸ್ಪೀಡ್‌ಬೋಟ್ ಎಷ್ಟು ಹಳೆಯದು, ರಿಪೇರಿ ಆಗುತ್ತದಾ ಅಂತ ಕೇಳಿದ್ದೀರಿ. ಶರಾವತಿ ಹಿನ್ನೀರಿಗೆಂದೇ ತಂದಿದ್ದರೆ, ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರ ಆಸುಪಾಸು ಅಥವಾ ಆಮೇಲೆ ಬಂದಿರಬೇಕು. ಕಟ್ಟಿದ್ದು ಇನ್ನೂ ಮೊದಲೇ ಇರಬಹುದು. ಮೋಟರ್ ಕೂರಿಸುವ ಹಿಂದಿನ ಹಲಗೆಯ ಒಳಮೈ ಒರೆಸಿ, ಕೊರೆದ ನಂಬರ್ ಇದೆಯಾ ನೋಡಿ. ಮೋಟರ್ ಮೇಲಿನ ನಂಬರನ್ನೇ ನಂಬಬೇಡಿ ಸರ್, ಮೋಟರ್ ಎಷ್ಟು ಸಲ ಬದಲಾಗಿದೆಯೋ!

ಬಣ್ಣ ತರುವ ಮೊದಲು ಸ್ಕ್ರೂಡ್ರೈವರ್ ತಗೊಂಡು ತಳದ ಮೂಲೆಗಳಲ್ಲಿ ಚುಚ್ಚಿ. ನನ್ನ ಬೋಟಿಗೆ ನಾನು ಸುಮ್ನೆ ವಾರ್ನಿಷ್ ಹೊಡೆದು ಖುಷಿಪಟ್ಟಿದ್ದೆ. ಆಮೇಲೆ ಚುಚ್ಚಿದರೆ ಬೆಂದ ಗೆಣಸಿಗೆ ಇಳಿದ ಹಾಗೆ ಇಳಿಯಿತು. ಮರ ಕೊಳೆತಿತ್ತು, ಒಳಗೆ ನಿಂತ ಮಳೆನೀರಿನ ಕೆಲಸ ಅದು. ಅಂಚಿನಲ್ಲಿ ಪದರ ಕಂಡರೆ ಪ್ಲೈವುಡ್, ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ಗಟ್ಟಿ ಅಂಟು) ನಡೆಯುತ್ತದೆ. ಹಲಗೆ ಜೋಡಿಸಿದ್ದಾದರೆ ಫೈಬರ್‌ಗ್ಲಾಸ್ ಹೊದಿಸಬೇಡಿ. ನಮ್ಮ ಮಳೆಗಾಲಕ್ಕೆ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಹೊದಿಕೆ ಬಿಟ್ಟುಕೊಳ್ಳುತ್ತದೆ. ಚುಚ್ಚಿದ ಜಾಗದ ಫೋಟೋ ಹಾಕಿ.