ಇಂಗ್ಲೆಂಡಿನಲ್ಲಿ ಹೊಲದಲ್ಲಿ ಸಿಕ್ಕ ಹಳೆಯ ನಾಣ್ಯಗಳನ್ನು ಹರಾಜು ಹಾಕಲು ಕಾನೂನು ಒಪ್ಪುತ್ತದೆಯೇ?

ಇಲ್ಲಿನ ರೈತರ ಹೊಲಗಳಲ್ಲಿ ಸಿಕ್ಕ ನಾಣ್ಯಗಳು ಊರಿನ ಹರಾಜಿನಲ್ಲೇ ರಾಜಾರೋಷವಾಗಿ ಬಿಕರಿಯಾಗುವುದನ್ನು ಸರ್ಕಾರ ಹೇಗೆ ಸಹಿಸುತ್ತದೆ ಎಂದು ಕೇಳಿದ್ದೀರಿ. ಇಂಥ ಹರಾಜುಗಳಿಗೆ ಆಗಾಗ ಹೋಗುವ, ಇಲ್ಲಿಯೇ ನೆಲೆಸಿರುವ ಸಣ್ಣ ಸಂಗ್ರಾಹಕನಾಗಿ ಉತ್ತರಿಸುತ್ತಿದ್ದೇನೆ.

ಹರಾಜು ಕೊನೆಯ ಹಂತ. 1996ರ ನಿಧಿ ಕಾಯ್ದೆಯ ಪ್ರಕಾರ, ಕನಿಷ್ಠ 300 ವರ್ಷ ಹಳೆಯ ಎರಡು ಅಥವಾ ಹೆಚ್ಚು ಬೆಳ್ಳಿ, ಚಿನ್ನದ ನಾಣ್ಯಗಳು ಒಟ್ಟಿಗೆ ಸಿಕ್ಕರೆ 14 ದಿನಗಳೊಳಗೆ ಕರೋನರ್‌ಗೆ ತಿಳಿಸಬೇಕು (ಅನುಮಾನಾಸ್ಪದ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿಯೇ ನಿಧಿಯನ್ನೂ ವಿಚಾರಿಸುವುದು ಇಲ್ಲಿನ ಹಳೆಯ ಪದ್ಧತಿ). ವಸ್ತುಸಂಗ್ರಹಾಲಯಕ್ಕೆ ಅವು ಬೇಕೆನಿಸಿದರೆ ತಜ್ಞರ ಸಮಿತಿ ಬೆಲೆ ಸೂಚಿಸುತ್ತದೆ. ಆ ಹಣವನ್ನು ಹುಡುಕಿದವನೂ ಜಮೀನಿನ ಮಾಲೀಕನೂ ಸಾಮಾನ್ಯವಾಗಿ ಸಮನಾಗಿ ಹಂಚಿಕೊಳ್ಳುತ್ತಾರೆ. ಯಾವ ಸಂಗ್ರಹಾಲಯಕ್ಕೂ ಬೇಡವಾದವು ಹಿಂತಿರುಗುತ್ತವೆ. ಒಂಟಿಯಾಗಿ ಸಿಕ್ಕ ನಾಣ್ಯವಂತೂ ಸಾಮಾನ್ಯವಾಗಿ ನಿಧಿಯೇ ಅಲ್ಲ. ಸ್ಕಾಟ್‌ಲೆಂಡಿನ ಕಾನೂನು ಬೇರೆ.

ಹೀಗಾಗಿ ಹರಾಜಿನ ಟ್ರೇಗಳಲ್ಲಿ ಹೆಚ್ಚಾಗಿ ಕಾಣುವುದು ಒಂದನೆಯ ಎಡ್ವರ್ಡ್ ದೊರೆಯ ಬೆಳ್ಳಿಯ ಪೆನ್ನಿಯಂಥವು: ಒಂದು ಬದಿ ಕಿರೀಟ ತೊಟ್ಟ ಮುಖ, ಇನ್ನೊಂದು ಬದಿ ಅಂಚಿನವರೆಗೆ ಚಾಚಿದ ಶಿಲುಬೆ, ಅದರ ಮೂಲೆಗಳಲ್ಲಿ ಮೂರು ಮೂರು ಚುಕ್ಕೆ. ನೇಗಿಲು ತಾಗಿ ಬಾಗಿದ್ದರೆ ಬೆಲೆ ಇಳಿಯುತ್ತದೆ; ಹೊಳೆಯಲೆಂದು ಯಾರಾದರೂ ಉಜ್ಜಿದ್ದರೆ ಇನ್ನೂ ಇಳಿಯುತ್ತದೆ, ಇಳಿಯಲೂ ಬೇಕು. ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಕಮಿಷನ್ ಬೇರೆ ಸೇರುತ್ತದೆಂಬುದನ್ನು ಹೊಸಬರು ಮರೆಯುತ್ತಾರೆ.

ನಾನು ಬೆಲೆಗಿಂತ ಮೊದಲು ನೋಡುವುದು ನಾಣ್ಯ ಸಿಕ್ಕ ಜಾಗ ದಾಖಲಾಗಿದೆಯೇ ಎಂಬುದನ್ನು. 2015ರಲ್ಲಿ ಲೆಮ್‌ಸ್ಟರ್ ಬಳಿಯ ಹೊಲದಲ್ಲಿ ವೈಕಿಂಗ್ ಕಾಲದ ನಿಧಿ ಸಿಕ್ಕಿದವರು ಯಾರಿಗೂ ತಿಳಿಸದೆ ಮಾರಲು ಹೊರಟರು. ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜಿಸಲಾಗಿದ್ದರೂ, 2019ರಲ್ಲಿ ಅವರಿಗೆ ಜೈಲು ಶಿಕ್ಷೆಯಾಗುವ ವೇಳೆಗೆ ಅಧಿಕಾರಿಗಳ ಕೈಸೇರಿದ್ದು ಮೂವತ್ತರ ಆಸುಪಾಸು ಮಾತ್ರ. ಇಂಗ್ಲೆಂಡಿನ ಹಳೆಯ ವೆಸೆಕ್ಸ್ ರಾಜ್ಯದ ದೊರೆ ಆಲ್ಫ್ರೆಡ್ ಮತ್ತು ನೆರೆಯ ಮರ್ಸಿಯಾದ ದೊರೆ ಎರಡನೆಯ ಕೆಯೊಲ್‌ವುಲ್ಫ್ ಮಿತ್ರರಾಗಿದ್ದರೆಂಬುದಕ್ಕೆ ಪುರಾವೆಯಾಗುವ ಅಪರೂಪದ ನಾಣ್ಯಗಳೂ ಅದರಲ್ಲಿದ್ದವು.

ನೀವು ಕೊಂಡು ಭಾರತಕ್ಕೆ ತರಿಸಿಕೊಳ್ಳುವ ಯೋಚನೆಯಲ್ಲಿದ್ದರೆ, ಇಲ್ಲಿನ ಮಣ್ಣಿನಿಂದ ತೆಗೆದ ಪ್ರಾಚೀನ ವಸ್ತುಗಳಿಗೆ ರಫ್ತು ಪರವಾನಗಿಯ ನಿಯಮಗಳಿವೆ. ಬಿಡ್ ಮಾಡುವ ಮುನ್ನವೇ ಹರಾಜು ಸಂಸ್ಥೆಯವರಿಂದ ದಾಖಲೆ ಸಂಖ್ಯೆಯನ್ನೂ ಪರವಾನಗಿಯ ವಿವರವನ್ನೂ ಬರಹದಲ್ಲಿ ಪಡೆದುಕೊಳ್ಳಿ.