ಗೇಟ್ ಕಂಡರೆ ವಾಂತಿ: ವಿಆರ್ ಗೇಮ್ ಕೊಡಿಸಬೇಕಾ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ಎಂಟು ವರ್ಷದ ಮಗನಿಗೆ ಬ್ಲಡ್ ಕ್ಯಾನ್ಸರ್, ಕಲಬುರಗಿಯಲ್ಲಿ ಕೀಮೋ ನಡೆದಿದೆ. ಈಗೀಗ ಆಸ್ಪತ್ರೆ ಗೇಟ್ ಕಂಡರೆ ಸಾಕು, ವಾಂತಿ ಶುರು. ಹೈದರಾಬಾದಿನಲ್ಲಿರುವ ನನ್ನ ತಮ್ಮ, ‘ವಿಆರ್ ಗೇಮ್ (ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ಆಟ) ಆಡಿಸಿದರೆ ಕಡಿಮೆಯಾಗುತ್ತದೆ, ಹೆಡ್‌ಸೆಟ್ ಕೊಡಿಸುತ್ತೇನೆ’ ಅಂತಾನೆ. ನಿಜವೇ?
– ಒಬ್ಬ ತಾಯಿ

ಮಕ್ಕಳ ಕ್ಯಾನ್ಸರ್ ತಜ್ಞರ ಉತ್ತರ: ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ ಅಕ್ಕ. ಆದರೆ ಸದ್ಯಕ್ಕೆ ದುಡ್ಡು ಹಾಕಿಸಬೇಡಿ.

ಔಷಧಿ ಮೈಗೆ ಸೇರುವ ಮೊದಲೇ ಬರುವ ವಾಂತಿ ಇದು. ಹಿಂದಿನ ಸಲ ಕೀಮೋ ಆದಮೇಲೆ ಹೊಟ್ಟೆ ತೊಳಸಿತ್ತಲ್ಲ, ಅದು ಗೇಟು, ಸ್ಪಿರಿಟ್ ವಾಸನೆ, ಸಲೈನ್ ಸ್ಟ್ಯಾಂಡ್ ಎಲ್ಲದಕ್ಕೂ ಗಂಟು ಬಿದ್ದಿದೆ. ಹುಡುಗ ನಾಟಕ ಮಾಡುತ್ತಿಲ್ಲ, ಗದರಿಸಬೇಡಿ. ಇಂಥ ವಾಂತಿಗೆ ಆಟ ಒಳ್ಳೆ ಉಪಾಯ. 1987ರಲ್ಲೇ ಅಮೆರಿಕದಲ್ಲಿ ಕೀಮೋ ಪಡೆಯುವ ಮಕ್ಕಳಿಗೆ ಸಾದಾ ವಿಡಿಯೋ ಗೇಮ್ ಆಡಿಸಿ ನೋಡಿದ್ದರು. ಆಡುವಾಗ ಹೊಟ್ಟೆ ತೊಳಸುವುದು ಕಡಿಮೆಯಾಗಿತ್ತು. ವಿಆರ್‌ನಲ್ಲಿ ಸುತ್ತಲಿನ ವಾರ್ಡೇ ಕಾಣುವುದಿಲ್ಲ, ಹಾಗಾಗಿ ಸೂಜಿ ಚುಚ್ಚುವಾಗಿನ ಹೆದರಿಕೆ, ನೋವಿಗೂ ಅದನ್ನು ಬಳಸುತ್ತಾರೆ.

ಕೀಮೋ ಆದಮೇಲೆ ಬರುವ ವಾಂತಿ ಬೇರೆ. ಅದಕ್ಕೆ ಒಂಡಾನ್ಸೆಟ್ರಾನ್‌ನಂಥ ಔಷಧಿಯೇ ಬೇಕು, ಹೇಳಿದ ಟೈಮಿಗೇ ಬೇಕು. ಕೊಟ್ಟರೂ ನಿಲ್ಲುತ್ತಿಲ್ಲವಾದರೆ ಡಾಕ್ಟರಿಗೆ ಹೇಳಿ, ಬದಲಿಸುತ್ತಾರೆ. ಎಷ್ಟೋ ತಾಯಂದಿರು ‘ಕೀಮೋ ಅಂದ್ರೆ ವಾಂತಿ ಇದ್ದದ್ದೇ’ ಅಂತ ಸುಮ್ನಿರುತ್ತಾರೆ. ಆ ವಾಂತಿ ಹತೋಟಿಗೆ ಬರದೆ ಗೇಟಿನ ವಾಂತಿ ಬಿಡುವುದು ಕಷ್ಟ.

ಹೆಡ್‌ಸೆಟ್ ಯಾಕೆ ಬೇಡವೆಂದರೆ, ಓಡುವ, ಹಾರುವ ವಿಆರ್ ಆಟದಲ್ಲಿ ದೊಡ್ಡವರಿಗೂ ತಲೆ ಸುತ್ತಿ ವಾಂತಿ ಬಂದಂತಾಗುತ್ತದೆ. ಮೆಟಾ ಕ್ವೆಸ್ಟ್ ಎಂಬ ಹೆಡ್‌ಸೆಟ್ 10 ವರ್ಷದೊಳಗಿನ ಮಕ್ಕಳಿಗಲ್ಲ ಎಂದು ಕಂಪನಿಯೇ ಹೇಳುತ್ತದೆ. ರಕ್ತ ಸೋರುವುದನ್ನು ನಿಲ್ಲಿಸುವ ಪ್ಲೇಟ್‌ಲೆಟ್ ಕಣ ಕಡಿಮೆ ಇದ್ದಾಗ ಕಣ್ಣು ಮುಚ್ಚಿದಂತೆ ಓಡಾಡಿ ಬಿದ್ದರೆ ಅಪಾಯ. ಫಿಟ್ಸ್ ಬಂದ ಮಗುವಿಗಂತೂ ಡಾಕ್ಟರನ್ನು ಕೇಳದೆ ಹಾಕಲೇಬಾರದು. ಮುಂದೆ ಆಸ್ಪತ್ರೆಯಲ್ಲೇ ಯಾರಾದರೂ ಆಡಿಸಿದರೆ, ಮುಖಕ್ಕೆ ತಾಗುವ ಸ್ಪಂಜು ಒರೆಸಿದ್ದಾರಾ ನೋಡಿ. ಬಿಳಿ ರಕ್ತಕಣ ಕಡಿಮೆ ಇರುವ ಮಗುವಿಗೆ ಇನ್ನೊಬ್ಬರ ನೆಗಡಿಯೂ ಭಾರ.

ನಿಮ್ಮ ಮೊಬೈಲೇ ಸಾಕು. ಬಸ್ಸಿನಲ್ಲಿ ಕೊಡಬೇಡಿ, ಕುಲುಕಾಟದಲ್ಲಿ ಆಡಿದರೆ ಅದೇ ವಾಂತಿ ತರಿಸೀತು. ಇಳಿದ ಮೇಲೆ, ಗೇಟ್ ಕಾಣುವ ಮೊದಲೇ, ನೆರಳಲ್ಲಿ ಕೂರಿಸಿ ಆಟ ಶುರು ಮಾಡಿಸಿ. ಕಾರ್ಟೂನ್ ಅಲ್ಲ, ಬೆರಳು ಆಡಿಸಿ ಗೆಲ್ಲುವಂಥ ಆಟ. ಅದನ್ನು ಆಸ್ಪತ್ರೆ ದಿನಕ್ಕೇ ಮೀಸಲಿಡಿ, ಮನೆಯಲ್ಲಿ ಕೊಟ್ಟರೆ ಬೇಗ ಬೇಸರವಾಗುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಕೀಮೋ ದಿನ ಪಾಪ ಅಂತ ಶೇಂಗಾ ಹೋಳಿಗೆ ಮಾಡಿ ತರಬೇಡಿ. ಗೇಟಿನಂತೆ ಅದೂ ವಾಂತಿಗೆ ಗಂಟು ಬೀಳುತ್ತದೆ, ಆಮೇಲೆ ಮುಟ್ಟುವುದೇ ಇಲ್ಲ. ಅವತ್ತು ಅನ್ನ-ಮೊಸರಿನಂಥ ಸಪ್ಪೆ ಊಟ ಸಾಕು. ಹೋಳಿಗೆ ಚೆನ್ನಾಗಿರುವ ದಿನ ಮಾಡಿಕೊಡಿ.