ಅಳಿವೆಯ ಕಟ್ಟೆಗೆ ಸುರಿದ ಮಣ್ಣು

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಅಳಿವೆಯ ದಂಡೆಯ ಊರು. ಆಚೆ ದಡಕ್ಕೆ ಜನರನ್ನು ದಾಟಿಸುವ ಯಂತ್ರದೋಣಿಯ ಕಟ್ಟೆಯನ್ನು ಅಗಲ ಮಾಡಲು ಗುತ್ತಿಗೆದಾರರೊಬ್ಬರು ಲಾರಿಗಟ್ಟಲೆ ಕೆಂಪು ಮಣ್ಣನ್ನು ನೀರಿಗೆ ಸುರಿಸುತ್ತಿದ್ದಾರೆ. ಪಕ್ಕದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಮುಚ್ಚಿದೆ. ದೋಣಿಯ ತಳದಲ್ಲಿ ನಿಂತ ಎಣ್ಣೆ ನೀರೂ ಹೊಳೆಗೇ ಹೋಗುತ್ತದೆ. ಕೇಳಿದರೆ ‘ಸಾರ್ವಜನಿಕ ಕೆಲಸ, ಅನುಮತಿ ಬೇಡ’ ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಉತ್ತರ ಕನ್ನಡ

ಉತ್ತರ: ನಿಜವಲ್ಲ. ಆದರೆ ಯಾವ ಕಾನೂನನ್ನು ಹಿಡಿಯಬೇಕೆಂಬುದು ಮುಖ್ಯ. 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಕಲಮು ಹೊಳೆಗೆ ಮಲಿನ ವಸ್ತು ಬಿಡುವುದನ್ನು ನಿಷೇಧಿಸುತ್ತದೆಯಾದರೂ, ಹಕ್ಕುಳ್ಳವರು ದಕ್ಕೆ (ದೋಣಿ ನಿಲ್ಲುವ ಕಟ್ಟೆ) ಕಟ್ಟುವುದಕ್ಕೂ, ದಡ ಗಟ್ಟಿ ಮಾಡಲು ನೀರನ್ನು ಕೆಡಿಸದ ವಸ್ತು ಹಾಕುವುದಕ್ಕೂ ಅದೇ ಕಲಮು ವಿನಾಯಿತಿ ಕೊಡುತ್ತದೆ. ಗುತ್ತಿಗೆದಾರರು ಇದರ ಹಿಂದೆ ಅಡಗಬಹುದು. ಹಾಗೆಯೇ ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತೆಂಬುದನ್ನೇ ನೆಚ್ಚಿಕೊಂಡು ಅರ್ಜಿ ಬರೆಯಬೇಡಿ. 2017ರ ಜೌಗು ಪ್ರದೇಶ ನಿಯಮಗಳು, ಕಡಲು ಮತ್ತು ಅಳಿವೆಗಳ ಅಂಚಿನ ಕೆಲಸಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯಕ್ಕೆ ಸೇರಿದ ಜಾಗಗಳನ್ನು ಹೊರಗಿಟ್ಟಿವೆ.

ನಿಮಗೆ ಒದಗುವುದು ಆ ವಲಯದ ಅಧಿಸೂಚನೆಯೇ. ಕಡು ಬೇಸಿಗೆಯಲ್ಲಿ ಅಳೆದಾಗ ನೀರಿನಲ್ಲಿ ಸಾವಿರಕ್ಕೆ 5 ಭಾಗ ಉಪ್ಪಿರುವಷ್ಟು ದೂರದವರೆಗೂ ಹೊಳೆ ಅದರ ವ್ಯಾಪ್ತಿಗೆ ಬರುತ್ತದೆ. ಭರತಿಗೆ ಮುಳುಗಿ ಇಳಿತಕ್ಕೆ ತೆರೆದುಕೊಳ್ಳುವ ನೆಲವೂ, ಹೊಳೆಯ ತಳವೂ ಸೇರಿದವೇ. 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ವನವಿದ್ದರೆ ಸುತ್ತ 50 ಮೀಟರ್ ಕಾಪು ಪಟ್ಟಿ ಬಿಡಬೇಕು. ನೀರಿನ ಅಂಚೇ ಬೇಕಾದ ದಕ್ಕೆ ಕಟ್ಟಲು ಅವಕಾಶವುಂಟು, ಮೊದಲು ಅನುಮತಿ ಪಡೆದು. ಕಂಬಗಳ ಮೇಲೆ ನಿಲ್ಲಿಸಿದ ದಕ್ಕೆಯ ಅಡಿಯಲ್ಲಿ ಭರತಿಯ ನೀರು ಸರಾಗವಾಗಿ ಆಡುತ್ತದೆ. ಮಣ್ಣು ತುಂಬಿದ ಕಟ್ಟೆ ಅದನ್ನು ತಡೆಯುತ್ತದೆ, ಕರಗಿದ ಕೆಸರು ಹೋಗಿ ಬಳಚು ಚಿಪ್ಪು ಹೆಕ್ಕುವ ದಿಬ್ಬಗಳ ಮೇಲೆ ಕೂರುತ್ತದೆ.

ದೋಣಿಯ ವಿಚಾರ ಸರಳ. 2021ರ ಒಳನಾಡು ನೌಕೆಗಳ ಕಾಯ್ದೆ ಇಂಥ ಎಣ್ಣೆ ನೀರನ್ನು ಹೊಳೆಗೆ ಬಿಡಲು ಒಪ್ಪುವುದಿಲ್ಲ. ನೌಕೆಯ ನೋಂದಣಿ, ತಪಾಸಣೆ ಪತ್ರಗಳ ಜೊತೆಗೆ ಮಾಲಿನ್ಯ ತಡೆ ಪ್ರಮಾಣಪತ್ರವನ್ನೂ ಕೇಳಿ. ಎಣ್ಣೆಯಾದರೂ ಒಂದಷ್ಟು ಇಳಿತದೊಂದಿಗೆ ಕಡಲಿಗೆ ಹೋದೀತು, ಸುರಿದ ಮಣ್ಣು ಹೋಗದು. ಆದ್ದರಿಂದ ಮೊದಲ ಅರ್ಜಿ ಕಟ್ಟೆಯ ಕುರಿತೇ ಇರಲಿ.

ಮಾಹಿತಿ ಹಕ್ಕಿನಡಿ ಅನುಮತಿ ಪತ್ರವನ್ನೂ ಅದರ ಷರತ್ತುಗಳನ್ನೂ ಪಡೆಯಿರಿ. ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ, ಈ ವಲಯವನ್ನು ನೋಡಿಕೊಳ್ಳುವ ಜಿಲ್ಲಾ ಸಮಿತಿಗೆ ಕೊಡಿ. ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಅದರಲ್ಲಿರಬೇಕೆಂಬ ನಿಯಮವಿದೆ, ಅವರನ್ನು ಕಂಡು ಮಾತಾಡಿ. ದೂರಿನ ಒಂದು ಪ್ರತಿಯನ್ನು ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೂ ಕಳಿಸಿ. ಫೋಟೊವನ್ನು ಪೂರ್ಣ ಇಳಿತದ ಹೊತ್ತಿಗೇ ತೆಗೆಯಿರಿ. ಭರತಿಯಲ್ಲಿ ತೆಗೆದರೆ ಹೂತ ಗಿಡಗಳ ಬುಡ ನೀರಿನಡಿ ಮರೆಯಾಗಿ, ನೋಡುವವರಿಗೆ ಬರೀ ಹೊಸ ಕಟ್ಟೆ ಕಾಣುತ್ತದೆ.